ಬೀಗ ಹಾಕುವ ಬದಲು ಬೀಗತನ

ಮತ್ತೆ ಕ್ಷಮಿಸಿಬಿಟ್ಟನಂತೆ! 777ನೇ ಇಸವಿಗೆ ಬರುತ್ತಿದ್ದ ಹಾಗೆ ನಾನು ಪುಸ್ತಕ ಮುಚ್ಚಿ ಕಾಫಿಗೆ ನೀರಿಡಲು ಎದ್ದುಹೋದೆ. ಎರಡು ವರ್ಷದಲ್ಲಿ ಇದು ಎರಡನೇ ಸಲ. ಕ್ಷಮಿಸಿದವನು ಚೀನಾದ ಟಾಂಗ್ ವಂಶದ ಚಕ್ರವರ್ತಿ ಡೈಜಾಂಗ್. ಕ್ಷಮೆ ಗಿಟ್ಟಿಸಿದವನು ವೇಯ್‌ಬೋ ಪ್ರಾಂತದ ದಂಡನಾಯಕ ಟಿಯಾನ್ ಚೆಂಗ್‌ಸಿ. ಹಿಂದಿನ ಸಲ ಆಸ್ಥಾನಕ್ಕೆ ಬಂದು ತಲೆ ಬಾಗುತ್ತೇನೆ ಅಂದಿದ್ದ, ಬರಲಿಲ್ಲ. ಅದಕ್ಕೆ ಈ ಸಲ ಚಕ್ರವರ್ತಿಯೇ ಹೇಳಿ ಕಳಿಸಿದ: ಬರೋದು ಬೇಡ ಬಿಡು. ಅಂದಮೇಲೆ ಆಜ್ಞೆ ಮೀರಿದ ಹಾಗೂ ಆಗಲಿಲ್ಲ, ಅಲ್ವಾ? ಎಂಥ ಜಾಣತನ!

ಈ ಟಿಯಾನ್ ಮೊದಲು ಆನ್ ಲುಶಾನ್‌ನ ಸೇನಾನಿ. 755ರಲ್ಲಿ ಸಾಮ್ರಾಜ್ಯಕ್ಕೇ ಬೆಂಕಿ ಇಟ್ಟ ಅದೇ ಲುಶಾನ್. 763ರಲ್ಲಿ ದಂಗೆ ಸೋತಿತು, ಇವನು ಶರಣಾದ. ಸೋತವನಿಗೆ ಸಿಕ್ಕಿದ್ದು ಹಳದಿ ನದಿಯ ಉತ್ತರಕ್ಕೆ ಒಂದು ಇಡೀ ಪ್ರಾಂತ. ನಿಯತ್ತಾಗಿ ಚಕ್ರವರ್ತಿಯ ಪರ ಹೋರಾಡಿದವರಿಗೆ ಏನು ಸಿಕ್ಕಿತೋ, ಅದನ್ನು ಕೇಳಬೇಡಿ.

773ರಲ್ಲಿ ಇವನು ಒಂದು ಗುಡಿ ಕಟ್ಟಿಸಿದ. ಒಳಗೆ ದೇವರು ಯಾರು ಅಂತೀರಿ? ಆನ್ ಲುಶಾನ್, ಅದೇ ದಂಗೆಯ ಇನ್ನೊಬ್ಬ ನಾಯಕ ಶಿ ಸಿಮಿಂಗ್, ಅವರಿಬ್ಬರ ಒಬ್ಬೊಬ್ಬ ಮಗ. ಹೆಸರು 'ನಾಲ್ವರು ಮಹಾತ್ಮರು'. ಚಕ್ರವರ್ತಿ ದೂತನನ್ನು ಕಳಿಸಿ, ದಯವಿಟ್ಟು ಕೆಡವಪ್ಪ ಅಂದ. ಕೆಡವಿದ್ದಕ್ಕೆ ಮಂತ್ರಿಯ ಬಿರುದು ಕೊಟ್ಟ. ಅದೇ ಬಿರುದಿಗಾಗಿ ಪರೀಕ್ಷೆ ಬರೆದು ಕಣ್ಣು ಕಳೆದುಕೊಂಡ ಎಷ್ಟು ಜನ ರಾಜಧಾನಿ ಚಾಂಗಾನ್‌ನಲ್ಲಿ ಕೂತಿದ್ದರೋ. ದಡ್ಡರು, ಒಂದು ಗುಡಿ ಕಟ್ಟಿ ಕೆಡವಿದ್ದರೆ ಸಾಕಿತ್ತು.

ಮರುವರ್ಷ ಟಿಯಾನ್‌ನ ಮಗನಿಗೆ ತನ್ನ ಮಗಳನ್ನೇ ಕೊಡುವ ಮಾತಾಡಿದ ಚಕ್ರವರ್ತಿ. ಖಜಾನೆಗೆ ಬೀಗ ಹಾಕಬೇಕಾದವನು ಬೀಗನೇ ಆಗಿಬಿಟ್ಟ. ಸಂಬಂಧ ಕುದುರಿಸಿದರೆ ಮನಸ್ಸು ಕರಗೀತು ಅನ್ನೋ ಲೆಕ್ಕ. 775ರಲ್ಲಿ ಹೊಸ ಬೀಗರು ಪಕ್ಕದ ಪ್ರಾಂತಕ್ಕೆ ನುಗ್ಗಿದರು.

ಈಗ ಚಕ್ರವರ್ತಿಗೆ ಕೋಪ ಬಂತು. ಟಿಯಾನ್‌ನನ್ನು ದೂರದ ದಕ್ಷಿಣದ ಯೋಂಗ್‌ಝೌಗೆ ವರ್ಗ ಮಾಡಿದ. ಹೌದು, ವರ್ಗಾವಣೆ! ಹೋಗದಿದ್ದರೆ ಇರಲಿ ಅಂತ ಅಕ್ಕಪಕ್ಕದ ದಂಡನಾಯಕರನ್ನೂ ಛೂ ಬಿಟ್ಟ.

ಇಲ್ಲಿಂದ ಮುಂದೆ ನನಗೆ ಟಿಯಾನ್ ಮೇಲೆ ಸ್ವಲ್ಪ ಪ್ರೀತಿ, ಒಪ್ಪಿಕೊಳ್ಳುತ್ತೇನೆ. ಮೇಲೆ ಬೀಳಲು ಬಂದ ಆ ದಂಡನಾಯಕರಲ್ಲಿ ಒಬ್ಬನಾದ ಲಿ ಝೆಂಗ್‌ಜಿಗೆ ಅವನು ತನ್ನ ಜನ, ಸೈನ್ಯ, ದವಸದ ಪಟ್ಟಿಯನ್ನೇ ಕಳಿಸಿದ. ನನಗೆ 86 ವರ್ಷ, ಇವತ್ತೋ ನಾಳೆಯೋ ಅನ್ನೋ ಹಾಗಿದೀನಿ, ಮಕ್ಕಳು ಯೋಗ್ಯರಲ್ಲ, ಇದನ್ನೆಲ್ಲ ನಿನಗೋಸ್ಕರ ಕಾಯ್ತಾ ಇದೀನಿ ಅಂದ. ನಿಜವಾದ ವಯಸ್ಸು ಎಪ್ಪತ್ತರ ಆಸುಪಾಸು. ಸಾಲದ್ದಕ್ಕೆ ಝೆಂಗ್‌ಜಿಯ ಚಿತ್ರ ಬರೆಸಿ ಅದರ ಮುಂದೆ ಧೂಪ ಹಾಕಿದ. ಝೆಂಗ್‌ಜಿ ಬೆಣ್ಣೆ ಹಾಗೆ ಕರಗಿ ನಿಂತುಬಿಟ್ಟ.

ಇನ್ನೊಬ್ಬ ಲಿ ಬಾವೊಚೆನ್. ಅವನನ್ನು ಕೆಡಿಸಿದ್ದು ಮಾತ್ರ ಅರಮನೆಯವರೇ. ಶಹಭಾಸ್ ಹೇಳಲು ಬಂದ ಕಂಚುಕಿಗೆ ಅವನು ನೂರು ಥಾನು ರೇಷ್ಮೆ ಕೊಟ್ಟ. ಇಷ್ಟೇನಾ ಅಂತ ಬೈದು ಆತ ಅದನ್ನು ಬೀದಿಗೆ ಎಸೆದ. ಚಕ್ರವರ್ತಿಯ ಯುದ್ಧ ಆ ಬೀದಿಯಲ್ಲೇ ಮುಗಿಯಿತು ಅನ್ನಿ. ಆಮೇಲೆ ಟಿಯಾನ್ ಒಂದು ಕಲ್ಲಿನ ಮೇಲೆ ಭವಿಷ್ಯ ಕೆತ್ತಿಸಿ ಬಾವೊಚೆನ್ ನೆಲದಲ್ಲಿ ಹೂತ. ಟಿಯಾನ್ ಜೊತೆ ಸೇರಿ ಉತ್ತರಕ್ಕೆ ನುಗ್ಗು ಅನ್ನೋ ಅರ್ಥದ ಸಾಲು. ಅಗೆದಾಗ ಸಿಕ್ಕಿತು, ಬಾವೊಚೆನ್ ಕಿವಿಗೆ ಹೂವು ಇಟ್ಟುಕೊಂಡು ಪಕ್ಕದವನ ಮೇಲೆ ಬಿದ್ದ. ಅಷ್ಟರಲ್ಲಿ ಟಿಯಾನ್ ದಂಡು ಕಟ್ಟಿಕೊಂಡು ಮನೆಗೆ ಹೊರಟ. ನನಗೆ ಊರಲ್ಲಿ ಅರ್ಜೆಂಟ್ ಕೆಲಸ ಇದೆ, ಆ ಕಲ್ಲಿನ ಬರಹ ನಾನು ಸುಮ್ನೆ ತಮಾಷೆಗೆ ಮಾಡಿದ್ದು ಅಂತ ಹೇಳಿ ಕಳಿಸಿದ.

ನಗು ಬರುತ್ತದೆ. ಆದರೆ ಆ ಪ್ರಾಂತದೊಳಗೆ ನಡೆದದ್ದು ಓದಿದರೆ ನಗು ನಿಲ್ಲುತ್ತದೆ. ಗಟ್ಟಿಮುಟ್ಟಾದ ಹುಡುಗರೆಲ್ಲ ಸೈನ್ಯಕ್ಕೆ, ಮುದುಕರು, ಕೈಲಾಗದವರು ಹೊಲಕ್ಕೆ. ಕೆಲವೇ ವರ್ಷಗಳಲ್ಲಿ ಒಂದು ಲಕ್ಷದ ದಂಡು. ಅಧಿಕಾರಿಗಳನ್ನು ನೇಮಿಸುವವನು ಅವನೇ, ಕಂದಾಯ ನುಂಗುವವನೂ ಅವನೇ. ಸೊಂಟ ಬಗ್ಗಿದ ಮುದುಕ ನೇಗಿಲು ಹಿಡಿದಿದ್ದಾನೆ, ಮಗ ಯಾವುದೋ ಗಡಿಯಲ್ಲಿ ಯಾರದೋ ಹಟಕ್ಕೆ ಸಾಯುತ್ತಿದ್ದಾನೆ. ಅವನ ಪರವಾಗಿ ಕ್ಷಮಿಸಲು ಈ ಡೈಜಾಂಗ್ ಯಾರು? ಸತ್ತದ್ದು ಇವನ ಮಗನಾ?

ಇರಲಿ. 779ರಲ್ಲಿ ಟಿಯಾನ್ ಹಾಯಾಗಿ ತನ್ನ ಊರಲ್ಲೇ ಸತ್ತ. 11 ಗಂಡುಮಕ್ಕಳಿದ್ದರೂ ಪಟ್ಟ ಸೋದರನ ಮಗ ಟಿಯಾನ್ ಯುವೆಗೆ. ಮಕ್ಕಳು ಯೋಗ್ಯರಲ್ಲ ಅಂದದ್ದು ಸುಳ್ಳಲ್ಲ ನೋಡಿ, ಮುದುಕ ಅದೊಂದನ್ನು ನಿಜ ಹೇಳಿದ್ದ. ಚಾಂಗಾನ್‌ನಿಂದ ನೇಮಕದ ಪತ್ರವೂ ಬಂತು. ಮೂರು ವರ್ಷ ಕಳೆದ ಮೇಲೆ ಯುವೆ ತಾನೇ ರಾಜ ಅಂತ ಸಾರಿಕೊಂಡ.