ಪಾರ್ಕಿನಲ್ಲಿ ಅಗೆಯೋಕೆ ಯಾರನ್ನು ಕೇಳಬೇಕು?

ಇಂಗ್ಲೆಂಡಿನಲ್ಲಿ ಯಾರದೂ ಅಲ್ಲದ ಜಾಗ ಅಂತ ಇಲ್ಲ. ಹೊಲಕ್ಕೆ ರೈತ ಇದ್ದಾನೆ, ಕಾಡಿಗೂ ಒಬ್ಬ ಒಡೆಯ ಇದ್ದಾನೆ, ಊರಿನ ಪಾರ್ಕಿಗೆ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ಇದೆ. ಮೆಟಲ್ ಡಿಟೆಕ್ಟರ್ ಹಿಡಿದು ಎಲ್ಲಿ ಹುಡುಕಬೇಕಾದರೂ ಮೊದಲು ಆ ಜಾಗದವರನ್ನು ಕೇಳಬೇಕು. ಮಷೀನಿಗೆ ಲೈಸೆನ್ಸ್ ಬೇಡ, ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಯಾರಿಗೂ ಸಿಗುತ್ತದೆ. ಪರ್ಮಿಷನ್ ಬೇಕಿರುವುದು ಮಣ್ಣಿಗೆ.

ಬೆಂಗಳೂರಿನವರಿಗೆ ಮೆಟಲ್ ಡಿಟೆಕ್ಟರ್ ಅಂದರೆ ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರು ಮೈಮೇಲೆ ಆಡಿಸುವ ಕಪ್ಪು ಕೋಲು, ಅಷ್ಟೇ. ನಾನೀಗ ಇರುವ ಇಂಗ್ಲೆಂಡಿನಲ್ಲಿ ಅದು ಮಣ್ಣಿನಡಿಯ ಹಳೇ ನಾಣ್ಯ, ಉಂಗುರ ಹುಡುಕುವ ಭಾನುವಾರದ ಹವ್ಯಾಸ. ಹೆಚ್ಚಾಗಿ ರಿಟೈರ್ ಆದ ಗಂಡಸರು. ಹೆಡ್‌ಫೋನ್ ಹಾಕಿಕೊಂಡು, ಕೋಲಿನ ತುದಿಯ ತಟ್ಟೆಯನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ಗಂಟೆಗಟ್ಟಲೆ ನಡೆಯುತ್ತಾರೆ. ನಮ್ಮ ಬೀದಿಯ ಕೊನೆ ಮನೆಯ ಯಜಮಾನರೂ ಅದೇ ಗುಂಪಿನವರು. ಅವರ ಹಿಂದೆ ತಿರುಗಿ ತಿರುಗಿ ನನಗೂ ರುಚಿ ಹತ್ತಿತು.

ಅವರು ಅಗೆಯುವುದನ್ನು ನೋಡಬೇಕು. ಮಷೀನ್ ಕೂಗಿದ ಕಡೆ ಮಂಡಿಯೂರಿ ಕೂರುತ್ತಾರೆ. ಸಣ್ಣ ಸಲಿಕೆಯಿಂದ ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯ ಕಡೆ ಹಾಗೇ ಬಿಟ್ಟು, ಡಬ್ಬಿಯ ಮುಚ್ಚಳದ ಹಾಗೆ ಹಿಂದಕ್ಕೆ ಮಗುಚುತ್ತಾರೆ. ಮಣ್ಣನ್ನು ಪಕ್ಕದಲ್ಲಿ ಹಾಸಿದ ಹಳೇ ಟವೆಲ್ ಮೇಲೆ ಸುರಿಯುತ್ತಾರೆ. ಗೇಣುದ್ದದ ಇನ್ನೊಂದು ಮಷೀನನ್ನು ಗುಂಡಿಯೊಳಗೆ ಆಡಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಸಿಗುವುದು ಕೋಲಾ ಡಬ್ಬಿಯ ಉಂಗುರ. ಅದರ ಸದ್ದೂ ಚಿನ್ನದುಂಗುರದ ಸದ್ದೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಅಗೆಯದೆ ಬಿಡುವಂತಿಲ್ಲ. ಕಸವನ್ನು ಜೇಬಿಗೆ ಹಾಕಿಕೊಂಡು, ಟವೆಲಿನ ಮಣ್ಣನ್ನು ವಾಪಸ್ ಸುರಿದು, ಮುಚ್ಚಳ ಮುಚ್ಚಿ, ಬೂಟುಗಾಲಲ್ಲಿ ತುಳಿಯುತ್ತಾರೆ. ಆಮೇಲೆ ಎಲ್ಲಿ ಅಗೆದರು ಅಂತ ಹುಡುಕಿದರೂ ಗೊತ್ತಾಗುವುದಿಲ್ಲ.

ಇಷ್ಟು ಅಚ್ಚುಕಟ್ಟಾಗಿ ಮಾಡುವವರಿಗೆ ಪಾರ್ಕಿನಲ್ಲಿ ಯಾಕೆ ಬೇಡ ಅನ್ನುತ್ತಾರೆ ಅಂದುಕೊಂಡು ಪರ್ಮಿಷನ್ ಕೇಳಿ ಕೌನ್ಸಿಲಿಗೆ ಬರೆದೆ. ಕೆಲವು ವಾರ ಬಿಟ್ಟು ಉತ್ತರ ಬಂತು: ಆಗುವುದಿಲ್ಲ. ಆದರೆ ಯಾಕೆ ಅಂತಲೂ ಬರೆದಿದ್ದರು. ಮರದ ಬೇರು, ಆಟದ ಮೈದಾನದ ಹುಲ್ಲು ಹಾಳಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬು ಇದ್ದರೆ ಅಪಾಯ. ಕೊನೆಗೆ ಒಂದು ಸಾಲು: ನಿಮ್ಮ ಉಂಗುರವೇ ಕಳೆದಿದ್ದರೆ ತಿಳಿಸಿ, ಒಂದು ದಿನದ ಮಟ್ಟಿಗೆ ನೋಡೋಣ. ಕೆಳಗೆ ಅಧಿಕಾರಿಯ ಹೆಸರು, ಫೋನ್ ನಂಬರ್.

ಇದೇನೂ ರಾಮರಾಜ್ಯ ಅಲ್ಲ. ಒಂದು ಕೌನ್ಸಿಲ್ ಇನ್ಶೂರೆನ್ಸ್ ಇದ್ದರೆ ಹೂಂ ಅನ್ನುತ್ತದೆ, ಪಕ್ಕದ ಕೌನ್ಸಿಲ್ ಊಹೂಂ ಅನ್ನುತ್ತದೆ. ಲಂಡನ್ನಿನ ರಾಯಲ್ ಪಾರ್ಕ್‌ಗಳಲ್ಲಿ ಮಷೀನ್ ಹೊರಗೆ ತೆಗೆಯುವಂತೆಯೇ ಇಲ್ಲ. ಥೇಮ್ಸ್ ದಡದಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಕೇಳುವವರು ಜಾಸ್ತಿಯಾಗಿ 2022ರಲ್ಲಿ ಹೊಸ ಪರ್ಮಿಟ್ ಕೊಡುವುದನ್ನೇ ನಿಲ್ಲಿಸಿದ್ದರು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಒಪ್ಪಿಗೆ ಇಲ್ಲದೆ ಮಷೀನ್ ಬಳಸಿದರೆ 1979ರ ಕಾನೂನಿನಲ್ಲಿ ಅಪರಾಧ. ರಾತ್ರಿ ಕದ್ದು ಅಗೆಯುವವರು ಇಲ್ಲೂ ಇದ್ದಾರೆ.

ನನಗೆ ಜಾಸ್ತಿ ಹಿಡಿಸಿದ್ದು ಪರ್ಮಿಷನ್ ವಿಷಯವಲ್ಲ, ಸಿಕ್ಕ ಮೇಲೆ ಏನಾಗುತ್ತದೆ ಅನ್ನುವುದು. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಹಳೆಯ ಚಿನ್ನ ಬೆಳ್ಳಿಯಂಥ ನಿಧಿ ಸಿಕ್ಕರೆ 14 ದಿನದೊಳಗೆ ಕೊರೋನರ್ ಅನ್ನುವ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಇಟ್ಟುಕೊಂಡರೆ ಬೆಲೆ ಕಟ್ಟಿ ಹಣ ಕೊಡುತ್ತಾರೆ. ಅದು ಸಿಕ್ಕವನಿಗೂ ಜಾಗದವನಿಗೂ ಹಂಚಿಕೆಯಾಗುತ್ತದೆ. 2009ರಲ್ಲಿ ಸಿಕ್ಕ ಸ್ಟಾಫರ್ಡ್‌ಶೈರ್ ನಿಧಿಗೆ ಕಟ್ಟಿದ ಬೆಲೆ 32 ಲಕ್ಷ ಪೌಂಡಿಗೂ ಮೇಲೆ. ಹುಡುಕಿದವರೂ ಹೊಲದ ರೈತರೂ ಪಾಲು ಪಡೆದರು. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕಿದ್ದನ್ನು ಮುಚ್ಚಿಟ್ಟು ಮಾರಲು ಹೋದ ಇಬ್ಬರು ಜೈಲು ಸೇರಿದರು. ಹೇಳಿದ್ದರೆ ಅವರಿಗೂ ಪಾಲು ಸಿಗಬಹುದಿತ್ತು.

ನಿಧಿ ಅಲ್ಲದ ಚಿಲ್ಲರೆ ಸಾಮಾನಿಗೂ ಒಂದು ದಾರಿ ಇದೆ. ಹಳೇ ಅಂಗಿ ಗುಂಡಿ, ಬಕಲ್, ಸವೆದ ತಾಮ್ರದ ಕಾಸು, ಇಂಥದ್ದನ್ನು ಹೇಳಲೇಬೇಕು ಅಂತ ಕಾನೂನಿಲ್ಲ. ಆದರೂ ಜನ ತಂದು ತೋರಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಂ ನೋಡಿಕೊಳ್ಳುವ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಅಂತ ಒಂದಿದೆ, 1997ರಲ್ಲಿ ಶುರುವಾದದ್ದು. ಅದರ ಅಧಿಕಾರಿಗಳು ಜಿಲ್ಲೆ ಜಿಲ್ಲೆಗಳಲ್ಲಿ ಇದ್ದಾರೆ. ಮ್ಯೂಸಿಯಂನಲ್ಲೋ ಲೈಬ್ರರಿಯಲ್ಲೋ ಮೇಜು ಹಾಕಿ ಕೂರುತ್ತಾರೆ. ತೂಗಿ, ಅಳೆದು, ಫೋಟೋ ತೆಗೆದು, ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು, ವಸ್ತುವನ್ನು ವಾಪಸ್ ಕೊಟ್ಟುಬಿಡುತ್ತಾರೆ. ಹೀಗೆ ಬರೆದಿಟ್ಟದ್ದು ಈಗ 15 ಲಕ್ಷ ವಸ್ತುಗಳಿಗೂ ಜಾಸ್ತಿ.

ನಮ್ಮ ಕಡೆ ಹೇಗಿದೆ? ನಾನು ಗದಗ ಸೀಮೆಯವನು. ಪಕ್ಕದ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲಕ್ಕೆ ಚಿನ್ನದ ನಾಣ್ಯ ಟಂಕಿಸುತ್ತಿದ್ದರು, 'ಲೊಕ್ಕಿ ಗದ್ಯಾಣ' ಅನ್ನುವ ಆ ನಾಣ್ಯದ ಹೆಸರು ಶಾಸನಗಳಲ್ಲೇ ಇದೆ. ಅಂಥ ನೆಲದಲ್ಲಿ ಪಾಯ ತೆಗೆದರೆ ಏನಾದರೂ ಸಿಗದೆ ಇರುತ್ತದಾ? ದೊಡ್ಡಪ್ಪನ ಮಗನನ್ನು ಕೇಳಿದೆ, ಸಿಕ್ಕರೆ ಜನ ತಹಶೀಲ್ದಾರರಿಗೆ ಹೇಳುತ್ತಾರಾ ಅಂತ. "ಹೇಳಿದ್ರ ಮನಿ ಕಟ್ಟೂದ ನಿಂತ್ ಹೋಗ್ತದಲ್ಲೋ ತಮ್ಮಾ" ಅಂದ. ಕಳ್ಳತನದ ಆಸೆಗಿಂತ ಈ ಭಯವೇ ದೊಡ್ಡದು. ಮನೆ ಕೆಲಸ ನಿಲ್ಲುತ್ತದೆ, ಪೊಲೀಸರು ಬರುತ್ತಾರೆ, ಜಾಗವೇ ಹೋದೀತು. ಆಮೇಲೆ ನಾಣ್ಯ ನೇರ ಅಕ್ಕಸಾಲಿಗರ ಮೂಸೆಗೆ ಹೋಗುತ್ತದೆ.

ಹಾಗಂತ ನಮ್ಮಲ್ಲಿ ಪಾಲು ಕೊಡುವ ಯೋಚನೆಯೇ ಇರಲಿಲ್ಲ ಅಂತಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾನೂನಿನಲ್ಲಿ, 10 ರೂಪಾಯಿಗೆ ಮೇಲ್ಪಟ್ಟದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ವಾರಸುದಾರರು ಬಾರದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಜಾಗದವನಿಗೆ! ನಮ್ಮ ರಾಜ್ಯಕ್ಕೆ 1962ರಲ್ಲಿ ಬೇರೆ ಕಾನೂನು ಬಂತು. ಕಾನೂನು ಪುಸ್ತಕದಲ್ಲಿದೆ, ಊರಿನವರಿಗೆ ಗೊತ್ತಿರುವುದು ಪೊಲೀಸ್ ಜೀಪು ಮಾತ್ರ. ಈ ಗುಟ್ಟಿನ ಮೇಲೆಯೇ ಒಂದು ವ್ಯಾಪಾರವೂ ನಡೆಯುತ್ತದೆ. "ಪಾಯ ಅಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಕಡಿಮೆಗೆ ಕೊಡ್ತೀವಿ" ಅಂತ ಫೋನ್ ಮಾಡಿ ಹಿತ್ತಾಳೆ ಕೊಟ್ಟು ಲಕ್ಷಗಟ್ಟಲೆ ಎತ್ತುವ ಸುದ್ದಿ ದಾವಣಗೆರೆ, ಹೊಸಪೇಟೆ ಕಡೆಯಿಂದ ಬರುತ್ತಲೇ ಇರುತ್ತದೆ.

ಹಾಗಾದರೆ ನಮ್ಮ ಪಾರ್ಕುಗಳಲ್ಲೂ ಡಿಟೆಕ್ಟರಿಗೆ ಪರ್ಮಿಷನ್ ಕೊಡಿ ಅಂತೀನಾ? ಖಂಡಿತ ಇಲ್ಲ. ಅಮಾವಾಸ್ಯೆ ರಾತ್ರಿ ವೀರಗಲ್ಲು ಕಿತ್ತು, ಗುಡಿಯ ಗರ್ಭಗೃಹ ಅಗೆದು ಹೋಗುವ ನಿಧಿಗಳ್ಳರು ಇರುವ ನಾಡಿನಲ್ಲಿ ಆ ಮಷೀನನ್ನು ಹವ್ಯಾಸ ಅಂತ ಬಿಟ್ಟರೆ ಲಕ್ಕುಂಡಿಯಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಹೆಚ್ಚಿನವರು ಹುಡುಕುವುದು ಉತ್ತು ಉತ್ತು ಕಲಸಿಹೋದ ಹೊಲದ ಮಣ್ಣನ್ನು. ನಮ್ಮಲ್ಲಿ ಜನ ಕಣ್ಣು ಹಾಕುವುದು ಗುಡಿಯ ಬುಡಕ್ಕೆ.

ಇಲ್ಲಿಂದ ತರಬೇಕಾದ್ದು ಮೇಜಿನ ಮುಂದೆ ಕೂರುವ ಆ ಮನುಷ್ಯನನ್ನು. ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಮೈಸೂರಿನಲ್ಲೂ ಪುರಾತತ್ವ ಓದಿ ಕೆಲಸಕ್ಕೆ ಅಲೆಯುವ ಹುಡುಗ ಹುಡುಗಿಯರಿದ್ದಾರೆ. ಜಿಲ್ಲೆಗೊಬ್ಬರನ್ನು ನೇಮಿಸಲಿ. ಅವರು ಪೊಲೀಸರ ಜೊತೆ ಬರಬಾರದು, ಮನೆ ಕೆಲಸ ನಿಲ್ಲಿಸುವ ಅಧಿಕಾರವೂ ಅವರಿಗೆ ಬೇಡ. ತಂದಿದ್ದನ್ನು ನೋಡಿ, ಬರೆದುಕೊಂಡು, ನಿಧಿ ಅಲ್ಲದ್ದನ್ನು ಅವತ್ತೇ ವಾಪಸ್ ಕೊಡಲಿ. ನಿಧಿಯಾದರೆ ಕಾನೂನಿನಲ್ಲಿ ನಿಮಗೆ ಏನು ಸಿಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಅಂತ ಕನ್ನಡದಲ್ಲಿ ಬರೆದುಕೊಡಲಿ. ಸಂತೆಯ ದಿನ ಪಂಚಾಯ್ತಿ ಕಟ್ಟೆಯ ಮೇಲೆ ಒಂದು ಮೇಜು, ಒಂದು ತಕ್ಕಡಿ, ಒಂದು ಫೋನು ಇದ್ದರೆ ಶುರು ಮಾಡಬಹುದು.