ಟಾರ್ಪಾಲಿನ ತಿಂಗಳು

ಮಲೆನಾಡಿನವರು ಮಳೆ ಅಂತ ಗೊಣಗಿದರೆ ಬಯಲುಸೀಮೆ ನೆಂಟರಿಗೆ ನಗು ಬರುತ್ತದೆ. "ನಿಮಗೇನ್ರೀ, ಅಭ್ಯಾಸ ಅಲ್ವಾ?" ಅಂತಾರೆ. ಅಭ್ಯಾಸ ಹೌದು. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದರೂ ನಾವು ಹಲಸಿನ ಹಪ್ಪಳ ಸುಟ್ಟುಕೊಂಡು ಆರಾಮಾಗಿ ಕೂತಿರುತ್ತೇವೆ. ಆದರೆ ಅದು ಆಷಾಢದ ಮಾತು. ಕಾರ್ತಿಕದಲ್ಲಿ ಹತ್ತು ನಿಮಿಷ ತುಂತುರು ಬಿದ್ದರೂ ನಮ್ಮನೆ ದಿಕ್ಕಾಪಾಲಾಗುತ್ತದೆ. ಆ ಹೊತ್ತಿಗೆ ಇಡೀ ವರ್ಷದ ಸಂಪಾದನೆ ಅಂಗಳದಲ್ಲಿ ಅಂಗಾತ ಮಲಗಿರುತ್ತದೆ. ಅಡಿಕೆ!

2021ರ ನವೆಂಬರ್ ನೆನಪಿದೆಯಾ? ದಕ್ಷಿಣ ಭಾರತದಲ್ಲಿ 1901ರಿಂದ ಈಚೆಗೆ ಯಾವ ನವೆಂಬರಿನಲ್ಲೂ ಅಷ್ಟು ಮಳೆ ಬಿದ್ದಿರಲಿಲ್ಲ. ವಾಡಿಕೆಯ ಎರಡೂವರೆ ಪಟ್ಟು. ಲೆಕ್ಕ ಹವಾಮಾನ ಇಲಾಖೆಯದು, ನಮ್ಮತ್ತೆಯದಲ್ಲ. ನಮ್ಮತ್ತೆಯ ಲೆಕ್ಕದಲ್ಲಿ ಅದು "ಹುಟ್ಟಿದಾಗಿಂದ ಕಂಡಿರದ ಮಳೆ". ಅತ್ತೆ ಪ್ರತಿ ವರ್ಷದ ಮಳೆಗೂ ಹಾಗೇ ಹೇಳುತ್ತಾರೆ. ಆ ವರ್ಷ ಮಾತ್ರ ಇಲಾಖೆಯೂ ಅವರ ಪರ ಇತ್ತು.

ದೀಪಾವಳಿ ನವೆಂಬರ್ 4ಕ್ಕೆ ಬಂದಿತ್ತು. ನಮ್ಮ ಕಡೆ ಮಳೆಗಾಲ ಮುಗೀತು ಅನ್ನೋದಕ್ಕೆ ಅದೇ ಗಡುವು. ಆಮೇಲೆ ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಚುರುಕು ಬಿಸಿಲು, ರಾತ್ರಿ ಕಂಬಳಿ ಹೊದೆಯುವಷ್ಟು ಚಳಿ ಬರಬೇಕು. ಆ ನಂಬಿಕೆಯ ಮೇಲೇ ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾಗೋದು. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೆಂದ ಕೆಂಪು ನೀರು) ಬೇಯಿಸಿ, ಬಿಸಿಲಿಗೆ ಹರವಿದರೆ ಒಂದು ವಾರದೊಳಗೆ ಕೆಂಪಗೆ, ಕಟಕಟ ಅನ್ನೋ ಹಾಗೆ ಒಣಗುತ್ತದೆ. ಬಿಸಿಲು ಕೈಕೊಟ್ಟರೆ ಬೂಷ್ಟು ಹಿಡಿಯುತ್ತದೆ. ಸರಿ, ಕೊಯ್ಯೋದೇ ಬೇಡ ಅಂತ ಮರದಲ್ಲೇ ಬಿಟ್ಟರೆ ಹಣ್ಣಾಗಿ ಕೂರುತ್ತದೆ. ಹಣ್ಣಡಿಕೆಯಿಂದ ಬೇಯಿಸದೆ ಒಣಗಿಸುವ ಚಾಲಿ ಮಾಡಬಹುದು, ಕೆಂಪಡಿಕೆ ಆಗೋದಿಲ್ಲ. ಕೊಯ್ದರೂ ಕಷ್ಟ, ಬಿಟ್ಟರೂ ಕಷ್ಟ.

ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗುವುದೇ ಅಪರೂಪ. ಸಿಕ್ಕ ದಿನ ಯಾರೂ ಆಕಾಶ ನೋಡುವುದಿಲ್ಲ. ನಮ್ಮನೆಯವರೂ ನೋಡಲಿಲ್ಲ.

ಮನೆಯಲ್ಲಿ ಹವಾಮಾನ ಹೇಳುವವರು ಮೂರು ಜನ. ಅತ್ತೆ ಪಂಚಾಂಗ ಹಿಡಿದು, "ಸ್ವಾತಿ ಮುಗೀತು, ವಿಶಾಖ ಹೊಕ್ಕಿದೆ, ಇನ್ನೆಂತ ಮಳೆ?" ಅಂದರು. ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ಊರಿನ ಉಪ್ಪರಿಗೆಯಿಂದಲೇ ಮಾಡುತ್ತಿದ್ದ ಮೈದುನ ಮೊಬೈಲ್ ನೋಡಿ, "40 ಪರ್ಸೆಂಟ್" ಅಂದ. ಬರುತ್ತೋ ಇಲ್ವೋ ಹೇಳಪ್ಪಾ ಅಂದರೆ, "40 ಪರ್ಸೆಂಟ್ ಅಂದ್ರೆ 40 ಪರ್ಸೆಂಟ್ ಅತ್ತಿಗೆ" ಅಂದ. ನಮ್ಮನೆಯವರು ಟಿವಿ ನೋಡಿ "ವಾಯುಭಾರ ಕುಸಿತ" ಅನ್ನೋದನ್ನು ಕಲಿತಿದ್ದರು. ಒಂದು ಬಂಗಾಳ ಕೊಲ್ಲಿಯಲ್ಲಿ ಎದ್ದು ಚೆನ್ನೈ ಕಡೆ ದಾಟಿತು. ಅದರ ಹಿಂದೆಯೇ ಅರಬ್ಬಿ ಸಮುದ್ರದಲ್ಲಿ ಇನ್ನೊಂದು. ಅದು ಮುಗಿಯಿತು ಅನ್ನೋಷ್ಟರಲ್ಲಿ ಕೊಲ್ಲಿಯಲ್ಲಿ ಮತ್ತೊಂದು. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ನಿಂತು "ಕುಸಿದಿದೆ" ಅನ್ನೋರು. ಕುಸಿದಿದ್ದು ನನಗೂ ಕಾಣುತ್ತಿತ್ತು. ಅಂಗಳದ ಚಪ್ಪರದ ಒಂದು ಕಂಬ ಆಗಲೇ ವಾಲಿತ್ತು.

ಅಲ್ಲಿಂದ ಶುರುವಾಯಿತು ಟಾರ್ಪಾಲು ಎಳೆಯುವ ಕೆಲಸ. ಬಿಸಿಲು ಬಂತು ಅಂತ ತೆಗೆಯೋದು, ಮೋಡ ಬಂತು ಅಂತ ಮುಚ್ಚೋದು. ಮುಚ್ಚಿದ ಮೇಲೆ ಬಿಸಿಲು. ತೆಗೆದು ಒಳಗೆ ಬಂದು ಸೀರೆ ಸೆರಗಿಗೆ ಕೈ ಒರೆಸುವಷ್ಟರಲ್ಲಿ ಹನಿ. ಟಾರ್ಪಾಲಿನ ಗುಂಡಿಯಲ್ಲಿ ನಿಂತ ನೀರನ್ನು ಹುಷಾರಾಗಿ ಎತ್ತಿ ಆಚೆ ಚೆಲ್ಲಬೇಕು. ನಮ್ಮನೆಯವರು ಆ ಕಡೆಯಿಂದ ಎತ್ತಿದರೆ ನೀರು ಈ ಕಡೆ ನಿಂತ ನನ್ನ ಮೇಲೆ. ಇಷ್ಟು ವರ್ಷದ ಸಂಸಾರದಲ್ಲಿ ನಾವು ಅಷ್ಟು ಜಗಳ ಆಡಿದ್ದೇ ಇಲ್ಲ, ಅದೂ ಹಾಸಿಗೆಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ಕಿನ ಎರಡು ತುದಿ ಹಿಡಿದುಕೊಂಡು.

ಕೊನೆಗೆ ಅಡಿಕೆ ಮನೆಯೊಳಗೆ ಬಂತು. ಮೊದಲು ಜಗಲಿ, ಆಮೇಲೆ ನಡುಮನೆ, ಆಮೇಲೆ ನಮ್ಮ ಮಲಗುವ ಕೋಣೆ. ಫ್ಯಾನು ಅಡಿಕೆಗೆ, ನಮಗಲ್ಲ. ಬೆಂದ ಅಡಿಕೆಯ ಚೊಗರು ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಕಲೆ ಹೋಗೋದಿಲ್ಲ. ನಮ್ಮನೆಯವರ ಮದುವೆ ಮುಂಜಿಗೆ ಅಂತ ಇಟ್ಟಿದ್ದ ಬಿಳಿ ಪಂಚೆ ಆ ತಿಂಗಳು ಕಾವಿ ಬಣ್ಣಕ್ಕೆ ತಿರುಗಿತು. ನಡುರಾತ್ರಿ ನೀರು ಕುಡಿಯೋಕೆ ಎದ್ದವರು ಅಡಿಕೆ ಮೇಲೆ ಕಾಲಿಟ್ಟು ಜಾರಿ ಸೀದಾ ಅಲಮಾರಿಗೆ ಹೋಗಿ ತಗುಲಿಕೊಂಡರು. ಎಚ್ಚರಾದ ಅತ್ತೆ ಒಳಗಿನಿಂದಲೇ ಕೇಳಿದ್ದು, "ಅಡಿಕೆ ಒಡೀತನಾ?"

ಇದರ ಮೇಲೆ ಸೆಖೆ ಬೇರೆ. ಹಗಲು ಬಿದ್ದ ಕಾವು ರಾತ್ರಿ ಮೇಲೆ ಹೋಗಬೇಕು, ಆಗ ಚಳಿ ಬೀಳುತ್ತದೆ. ಮೋಡ ಮುಚ್ಚಿಕೊಂಡರೆ ಕಾವು ಹೊರಗೆ ಹೋಗದೆ ಕಂಬಳಿಯೊಳಗೆ ಸಿಕ್ಕ ಹಾಗೆ ಇಲ್ಲೇ ಸುತ್ತುತ್ತದೆ. ಟ್ರಂಕಿನಿಂದ ತೆಗೆದಿಟ್ಟ ಸ್ವೆಟರುಗಳು ಹಾಕಿಕೊಳ್ಳುವ ಮೊದಲೇ ಬೂಷ್ಟು ಹಿಡಿದವು. ಕಪ್ಪೆಗಳಿಗೆ ಇದು ಯಾವ ತಿಂಗಳು ಅಂತ ಗೊತ್ತಾಗದೆ ರಾತ್ರಿಯಿಡೀ ವಟಗುಟ್ಟಿದವು. ತೋಟಕ್ಕೆ ಹೋದರೆ ಕಾರ್ತಿಕದಲ್ಲೂ ಕಾಲಿಗೆ ರಕ್ತ ಹೀರುವ ಉಂಬಳ. ಉಪ್ಪಿನ ಭರಣಿಯಲ್ಲಿ ಉಪ್ಪಿಗಿಂತ ನೀರು ಜಾಸ್ತಿ. ಬೆಂಕಿಪೊಟ್ಟಣವನ್ನು ಒಲೆಯ ಪಕ್ಕ ಒಣಗಿಸಲು ಇಡಬೇಕು. ಒಲೆ ಹೊತ್ತಿಸಲು ಬೆಂಕಿಪೊಟ್ಟಣ ಬೇಕು. ಅಪ್ಪೆಮಿಡಿ ಮಾವಿನ ಮರಕ್ಕೆ ಚಳಿ ತಾಗಿದರೆ ಹೂವು. ಆ ವರ್ಷ ಅದು ಹೊಸ ಚಿಗುರು ಬಿಟ್ಟು ಹಸಿರಾಗಿ ನಿಂತಿತು. ಅತ್ತೆ ಮರದ ಕೆಳಗೆ ನಿಂತು ಮುಂದಿನ ವರ್ಷದ ಉಪ್ಪಿನಕಾಯಿಗೆ ಈಗಲೇ ಒಂದು ನಿಟ್ಟುಸಿರು ಬಿಟ್ಟರು.

ಬೇರೆ ಕಡೆ ನಮಗಿಂತ ಕಷ್ಟ ಇತ್ತು, ಅದನ್ನೂ ಹೇಳಬೇಕು. ಬಯಲುಸೀಮೆಯಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆ ಬಂತು. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಹಣ್ಣು ಗಿಡದ ಬುಡಕ್ಕೆ ಉದುರಿತು. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮನೆ ಸಾರಿಗೆ ಮತ್ತೆ ಹುಣಸೆಹಣ್ಣು ಬಂತು. ಯಲಹಂಕದಲ್ಲಿ ಅಪಾರ್ಟ್‌ಮೆಂಟಿನ ಜನ ದೋಣಿ, ಟ್ರಾಕ್ಟರ್ ಹತ್ತಿ ಹೊರಗೆ ಬರುವುದನ್ನು ಟಿವಿಯಲ್ಲಿ ನೋಡಿದ ಅತ್ತೆ ಮೈದುನನಿಗೆ, "ನೀನು ಇಲ್ಲೇ ಇರು ಮಾರಾಯಾ, ಇಲ್ಲಿ ಬರೀ ಮಳೆ" ಅಂದರು.

ತುಳಸಿ ಪೂಜೆಗೆ ಚಿಕ್ಕಮಾವ ಬಂದರು. ನೆಂಟರು ಬರುತ್ತಾರೆ ಅಂತ ನಡುಮನೆಯ ಅಡಿಕೆಯನ್ನು ಅಟ್ಟಕ್ಕೆ ಸಾಗಿಸಿದ್ದೆವು. ಆದರೆ ಬಚ್ಚಲಮನೆಯ ಬಾಗಿಲ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಹಳೇ ಹಲಸಿನ ಹಲಗೆ. ತೇವ ಕುಡಿದು ಊದಿಕೊಂಡಿತ್ತು. ಸ್ನಾನಕ್ಕೆ ಹೋದ ಚಿಕ್ಕಮಾವ ಜೋರಾಗಿ ತಳ್ಳಿ ಹಾಕಿಕೊಂಡಿದ್ದಾರೆ. ಹಾಕಿಕೊಂಡಿತು, ತೆಗೆಯಲಿಲ್ಲ. ಹೊರಗೆ ತುಳಸಿ ಕಟ್ಟೆಯ ಮುಂದೆ ಟಾರ್ಪಾಲಿನ ಅಡಿಯಲ್ಲಿ ಜಾಗಟೆ, ಘಂಟೆ. ಒಳಗಿನಿಂದ ಅವರು ಕೂಗುತ್ತಿದ್ದರು. ನಾವು ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡೆವು. ಅವರ ದನಿ ಮೊದಲಿಂದಲೂ ಹಾಗೇ. ಮಂಗಳಾರತಿ ಮುಗಿದು ಘಂಟೆ ನಿಂತಾಗಲೇ "ಬಾಗಿಲು! ಬಾಗಿಲು!" ಅನ್ನೋದು ಕೇಳಿದ್ದು.

ನಮ್ಮನೆಯವರು ಹೊರಗಿನಿಂದ ಒದ್ದರು. ಅದು ಒಳಗಿನಿಂದ ಎಳೆಯುವ ಬಾಗಿಲಾದರೂ ಜಪ್ಪಯ್ಯ ಅನ್ನಲಿಲ್ಲ. ಹಾರೆ ಹುಡುಕುವಷ್ಟರಲ್ಲಿ ಅತ್ತೆ ಕಿಟಕಿಯ ಸರಳಿನ ಸಂದಿಯಿಂದ ಪಂಚಕಜ್ಜಾಯ ಕೊಟ್ಟರು, ತೀರ್ಥವನ್ನೂ ಕೊಟ್ಟರು. ಚಿಕ್ಕಮಾವ ಟವೆಲ್ ಉಟ್ಟುಕೊಂಡೇ ಭಕ್ತಿಯಿಂದ ಕೈಯೊಡ್ಡಿದರು. ಕೊನೆಗೆ ಹಾರೆ ಹಾಕಿ ಮೀಟಿದಾಗ ಬಾಗಿಲು ಕೀಲು ಸಮೇತ ಕಿತ್ತು ಬಂತು. ಬಡಗಿಗೆ ಫೋನ್ ಮಾಡಿದರೆ, ಊರಲ್ಲಿ ಎಲ್ಲರ ಬಾಗಿಲೂ ಊದಿದೆ, ಬಿಸಿಲು ಬರದೆ ಕೆತ್ತಿ ಪ್ರಯೋಜನ ಇಲ್ಲ ಅಂದ. ಅವನ ಮಾತೂ ಸರಿಯೇ. ಒದ್ದೆ ಬಾಗಿಲು ಕೆತ್ತಿದರೆ ಬೇಸಿಗೆಯಲ್ಲಿ ಒಣಗಿ ಬೆಕ್ಕು ನುಗ್ಗುವಷ್ಟು ಸಂದಿ ಬೀಳುತ್ತದೆ. ಹಾಗಾಗಿ ಆ ತಿಂಗಳ ಉಳಿದ ದಿನ ನಮ್ಮ ಬಚ್ಚಲಿಗೆ ಟಾರ್ಪಾಲೇ ಬಾಗಿಲು. ಚಿಕ್ಕಮಾವ ಮರುದಿನವೇ ಊರಿಗೆ ಹೊರಟರು.

ಆದರೆ ನಮ್ಮ ಮಾನ ನಿಜವಾಗಿ ಹೋಗಿದ್ದು ಉಪ್ಪರಿಗೆಯಲ್ಲಿ. ಮೈದುನನ ಮೊಬೈಲಿಗೆ ನೆಟ್‌ವರ್ಕ್ ಸಿಗೋದು ಅಂಗಳಕ್ಕೆ ಮುಖ ಮಾಡಿದ ಕಿಟಕಿಯ ಹತ್ತಿರ ಮಾತ್ರ. ಒಂದು ಬೆಳಗ್ಗೆ ಅಪರೂಪಕ್ಕೆ ಬಿಸಿಲು ಬಿದ್ದು ಅಟ್ಟದ ಅಡಿಕೆಯೆಲ್ಲ ಅಂಗಳಕ್ಕೆ ಇಳಿದಿತ್ತು. ಅವನು ಮೀಟಿಂಗಿನಲ್ಲಿದ್ದ. ಪುಣೆಯವರು, ಬೆಂಗಳೂರಿನವರು, ಟೆಕ್ಸಾಸಿನಲ್ಲಿದ್ದ ಮ್ಯಾನೇಜರು. ಅವನು ಏನೋ ವಿವರಿಸುತ್ತಿರುವಾಗ ಕೆಳಗಿನಿಂದ ಅತ್ತೆ, "ಮಳೆ ಬಂತೋ! ಓಡಿ ಬನ್ರೋ!" ಅಂತ ಕೂಗಿದರು. ಆ ಕೂಗಿಗೆ ನಮ್ಮನೆಯಲ್ಲಿ ಯಾರೂ ಯೋಚನೆ ಮಾಡುವುದಿಲ್ಲ, ಓಡುತ್ತಾರೆ. ಇವನೂ ಓಡಿದ. ಓಡುವ ರಭಸಕ್ಕೆ ಲ್ಯಾಪ್‌ಟಾಪು ಕಿಟಕಿ ಕಡೆ ತಿರುಗಿತು. ಕ್ಯಾಮೆರಾ ಆನ್, ಮೈಕೂ ಆನ್.

ಮುಂದಿನದನ್ನು ಇಡೀ ತಂಡ ನೇರ ಪ್ರಸಾರದಲ್ಲಿ ನೋಡಿತು. ಸೀರೆ ಮೇಲೆ ಕಟ್ಟಿ ಟಾರ್ಪಾಲು ಎಳೆಯುವ ಅತ್ತೆ. ಅದರ ಇನ್ನೊಂದು ತುದಿಯಲ್ಲಿ ಜಾರಿ ಕೂತ ನಮ್ಮನೆಯವರು. ಅಡಿಕೆ ಬುಟ್ಟಿ ಹೊತ್ತು ಅವರನ್ನೇ ದಾಟಿಕೊಂಡು ಓಡುವ ನಾನು. ಎಲ್ಲರ ಕಾಲಿಗೂ ಸಿಗುತ್ತಾ ಬೊಗಳುವ ನಾಯಿ. ಮೈದುನ ಒದ್ದೆಯಾಗಿ ವಾಪಸ್ ಹೋಗಿ ನೋಡಿದರೆ ಅಷ್ಟೂ ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಚಂಡಮಾರುತವೇ, ಎಲ್ಲರೂ ಕ್ಷೇಮವೇ ಅಂತ ಮ್ಯಾನೇಜರ್ ಕೇಳಿದರಂತೆ. "ಇಲ್ಲ, ಅಡಿಕೆ" ಅಂದನಂತೆ ಇವನು. ಆಮೇಲೆ ಅಡಿಕೆ ಅಂದರೇನು, ಯಾಕೆ ಬೇಯಿಸಬೇಕು, ಯಾಕೆ ಒಣಗಿಸಬೇಕು ಅಂತ ಹೇಳುವುದರಲ್ಲೇ ಮೀಟಿಂಗ್ ಮುಗಿಯಿತು. ಕಂಪನಿ ಸೇರಿದ ಮೇಲೆ ತನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದ್ದು ಅದೇ ಮೊದಲು ಅಂತ ಅವನೇ ಹೇಳಿದ.

ಅಂದಿನಿಂದ ಆ ಮ್ಯಾನೇಜರು ಕೆಲಸಕ್ಕಿಂತ ಮೊದಲು ಅಡಿಕೆ ವಿಚಾರಿಸತೊಡಗಿದರು. ಒಂದು ದಿನ ಮೈದುನ ಕೆಳಗಿಳಿದು ಬಂದು, "ಅಮ್ಮಾ, ಮೀಟಿಂಗಿನ ಹೊತ್ತು ಬದಲಾಯಿಸ್ತಾರಂತೆ. ನಮ್ಮ ಅಡಿಕೆಗೆ ಯಾವ ಹೊತ್ತು ಅನುಕೂಲ ಅಂತ ಕೇಳ್ತಿದಾರೆ" ಅಂದ.

ಅತ್ತೆ ಅಡಿಕೆ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಸಂಜೆ ಐದರ ಮೇಲೆ ಇಡಕ್ಕೆ ಹೇಳು. ಅಷ್ಟೊತ್ತಿಗೆ ಎಲ್ಲ ಒಳಗೆ ತಂದಾಗಿರ್ತದೆ."

"ಅವರಿಗೆ ಆಗ ಬೆಳಗಿನ ಜಾವ ಐದೂವರೆ ಅಮ್ಮಾ."

"ಏಳ್ಲಿ ಬಿಡು. ನಾವು ಏಳಲ್ವಾ?"