‘ಚೆನ್ನಾಗಿ ನೀರು ಕುಡಿ’ ಎನ್ನುವವರಿಗೆ

ಮೂರನೆಯ ಕಿಮೊಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 10.6 ಬಂದಿತ್ತು. ಹಿಂದಿನ ಸಲ 9.8 ಇದ್ದದ್ದು. ಮನೆಯವರೆಲ್ಲ ವರದಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದೇ ನೋಡಿದ್ದು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳಿಗೆ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕುಳಿತೆ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿ, ಸಂಜೆ ಮತ್ತೆ ರಕ್ತ ತೆಗೆದರು. 9.3.

ತಂಗಿ ಹೌಹಾರಿದಳು. “ಒಂದೇ ದಿನದಲ್ಲಿ ಇಷ್ಟು ರಕ್ತ ಎಲ್ಲಿ ಹೋಯಿತು ಅಕ್ಕಾ?”

ಎಲ್ಲಿಗೂ ಹೋಗಿರಲಿಲ್ಲ. ಇದ್ದದ್ದೇ ಅಷ್ಟು. ಮೈಯ ನೀರು ಬತ್ತಿ ರಕ್ತ ಗಟ್ಟಿಯಾಗಿತ್ತು, ಅಳತೆಗೆ ಹೆಚ್ಚು ಕಂಡಿತ್ತು. ಕೆರೆ ಬತ್ತಿದಾಗ ಮೀನು ಹೆಚ್ಚಿದಂತೆ ಕಾಣುವುದಿಲ್ಲವೇ, ಹಾಗೆ. ನೀರು ತುಂಬಿದ ಮೇಲೆ ನಿಜವಾದ ಲೆಕ್ಕ ಹೊರಬಿತ್ತು.

ಅಂದಿನಿಂದ ನನಗೆ ಎರಡು ಉಪದೇಶಗಳ ಮೇಲೆ ಸಿಟ್ಟು. ‘ಚೆನ್ನಾಗಿ ನೀರು ಕುಡಿ’ ಎಂಬುದು ಒಂದು, ‘ರಕ್ತ ಆಗುವಂಥದ್ದು ತಿನ್ನು’ ಎಂಬುದು ಇನ್ನೊಂದು. ಹೇಳುವವರ ಪ್ರೀತಿಯ ಬಗ್ಗೆ ತಕರಾರಿಲ್ಲ. ಆದರೆ ಇವೆರಡೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ ಎಂಬುದು ಹೇಳುವವರಿಗೆ ತಿಳಿದಿರುವುದಿಲ್ಲ. ಅರ್ಧ ಹೇಳಿ ಹೋಗುತ್ತಾರೆ, ಉಳಿದರ್ಧವನ್ನು ರೋಗಿ ಅನುಭವಿಸಬೇಕು.

ನನ್ನದು ಗುದನಾಳದ ಕ್ಯಾನ್ಸರ್. ಗಡ್ಡೆ ತೆಗೆದು, ಒಳಗಿನ ಹೊಲಿಗೆ ಮಾಗುವವರೆಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಚೀಲ ಅಂಟಿಸಿದ್ದಾರೆ. ಕೊನೆಯ ಹಂತದಲ್ಲಿ ನೀರನ್ನೂ ಉಪ್ಪನ್ನೂ ಹೀರಿ ಉಳಿಸುವುದು ದೊಡ್ಡ ಕರುಳಿನ ಕೆಲಸ. ಅದಕ್ಕೆ ಈಗ ರಜೆ. ಇಂಥ ಹೊತ್ತಿನಲ್ಲಿ ಬರೀ ನೀರನ್ನೇ ಸುರಿದುಕೊಂಡರೆ ಕರುಳಿನ ಗೋಡೆ ಮೈಯ ಉಪ್ಪನ್ನು ಆ ನೀರಿಗೆ ಬಿಟ್ಟುಕೊಡುತ್ತದೆ. ಉಪ್ಪು ಹೋದಲ್ಲಿಗೆ ಇನ್ನಷ್ಟು ನೀರು ಹೋಗುತ್ತದೆ. ಕುಡಿದಷ್ಟೂ ಚೀಲ ತುಂಬುತ್ತದೆ, ಚೀಲ ತುಂಬಿದಷ್ಟೂ ನಾಲಗೆ ಒಣಗುತ್ತದೆ. ನಾನು ಮೂರು ದಿನ ಇದನ್ನೇ ಮಾಡಿದೆ, ಲೋಟದ ಮೇಲೆ ಲೋಟ. ದಿನಕ್ಕೆ ಎರಡು ಲೀಟರ್ ಮೀರಿ ಚೀಲದಿಂದ ಚೆಲ್ಲಿದರೂ, ಕುಡಿದದ್ದು ಹೋಗುತ್ತಿದೆ ಎಂದು ಸುಮ್ಮನಿದ್ದೆ. ಮೂತ್ರ ದಿನಕ್ಕೆ ಮೂರೇ ಬಾರಿ, ಅದೂ ಕಡು ಹಳದಿ. ಒಂದೂವರೆ ಲೀಟರ್ ದಾಟಿದರೆ ಫೋನ್ ಮಾಡಿ ಎಂದು ಮನೆಗೆ ಕಳಿಸುವಾಗಲೇ ನರ್ಸ್ ಹೇಳಿದ್ದರು. ಆಗ ನನ್ನ ಗಮನವೆಲ್ಲ ಮನೆಗೆ ಹೋಗುವುದರ ಮೇಲಿತ್ತು.

ನನಗೆ ಬೇಕಿದ್ದದ್ದು ಓಆರ್‌ಎಸ್. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಕರುಳಿನ ಗೋಡೆ ದಾಟುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಸಪ್ಪೆ ಎಂದು ಸಕ್ಕರೆ ಬೆರೆಸುವುದು, ಉಪ್ಪು ಎಂದು ನೀರು ಹೆಚ್ಚಿಸುವುದು, ಎರಡೂ ಆ ಸೂತ್ರವನ್ನು ಕೆಡಿಸುವ ಕೆಲಸ. ನನಗೆ ವೈದ್ಯರು ಇನ್ನೂ ಸ್ವಲ್ಪ ಉಪ್ಪು ಹೆಚ್ಚಿರುವ ದ್ರಾವಣ ಬರೆದುಕೊಟ್ಟು, ಬರೀ ನೀರಿಗೆ ಮಿತಿ ಹಾಕಿದರು. ನೀರಿಗೆ ಮಿತಿ ಎಂದಾಗ ನಮ್ಮ ಚಿಕ್ಕಮ್ಮ ವೈದ್ಯರನ್ನೇ ಅನುಮಾನಿಸಿದರು. (ಇದು ಚೀಲವಿದ್ದ ನನಗೆ ಕೊಟ್ಟ ಸಲಹೆ. ಹೃದಯ, ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕವೇ ಬೇರೆ. ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧಿ ಪಡೆಯುವವರಿಗೆ ಮೂತ್ರಪಿಂಡ ಕಾಯಲು ಡ್ರಿಪ್‌ನಲ್ಲಿ ಧಾರಾಳವಾಗಿ ದ್ರವ ಕೊಡುತ್ತಾರೆ. ನನ್ನದನ್ನು ನಕಲು ಮಾಡಬೇಡಿ, ನಿಮ್ಮ ವೈದ್ಯರನ್ನು ಕೇಳಿ.)

ಇನ್ನೊಂದು ಮಾತು. ನನ್ನ ಔಷಧಿಗಳಲ್ಲಿ ಒಂದು ಆಕ್ಸಾಲಿಪ್ಲಾಟಿನ್. ಅದು ಮೈಗೆ ಹೋದ ಮೊದಲ ಕೆಲವು ದಿನ ತಣ್ಣನೆಯದು ಯಾವುದೂ ಆಗುವುದಿಲ್ಲ. ತಣ್ಣಗಿನ ಲೋಟ ಮುಟ್ಟಿದರೆ ಬೆರಳ ತುದಿಗೆ ಸೂಜಿ ಚುಚ್ಚುತ್ತದೆ. ಒಂದು ಗುಟುಕು ಕುಡಿದರೆ ಗಂಟಲು ಬಿಗಿದು ಉಸಿರೇ ನಿಂತಂತಾಗುತ್ತದೆ. ನೀರು ಕುಡಿಯದೆ ಹಟ ಮಾಡುತ್ತಾಳೆ ಎಂದು ಗೊಣಗಿದವರು ಆ ನೀರನ್ನು ಒಮ್ಮೆ ಬೆಚ್ಚಗೆ ಮಾಡಿ ಕೊಟ್ಟಿದ್ದರೆ ಸಾಕಿತ್ತು.

ರಕ್ತದ ಮಾತಿಗೆ ಬಂದರೆ, ಕೆಂಪಗಿರುವ ರಸವೆಲ್ಲ ರಕ್ತವಾಗುವುದಿಲ್ಲ. ನನ್ನಲ್ಲಿ ರಕ್ತ ಇಳಿದದ್ದಕ್ಕೆ ಕಾರಣಗಳೇ ಬೇರೆ: ಗಡ್ಡೆಯಿಂದ ತಿಂಗಳುಗಟ್ಟಲೆ ಜಿನುಗಿದ್ದು, ಶಸ್ತ್ರಚಿಕಿತ್ಸೆಯಲ್ಲಿ ಹೋದದ್ದು, ಅದರ ಮೇಲೆ ಕಿಮೊ ಮೂಳೆಮಜ್ಜೆಗೆ ಕೊಟ್ಟ ಪೆಟ್ಟು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಬಿಳಿ ಕಣಗಳಂತೆ ಒಂದೆರಡು ವಾರದಲ್ಲಿ ಕುಸಿಯದೆ, ಹಿಮೋಗ್ಲೋಬಿನ್ ಕಿಮೊದ ಸುತ್ತಿನಿಂದ ಸುತ್ತಿಗೆ ಮೆಲ್ಲಗೆ ಜಾರುತ್ತದೆ. ಮೈಯೂ ಅದಕ್ಕೆ ಹೊಂದಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದನ್ನು ನಾನು ವಯಸ್ಸಿನ ತಲೆಗೆ ಕಟ್ಟಿದ್ದೆ.

ಕಬ್ಬಿಣಾಂಶದ ಮಾತ್ರೆ ಎರಡು ತಿಂಗಳು ನುಂಗಿದೆ. ಮಲ ಕಪ್ಪಾಯಿತೇ ಹೊರತು ಅಂಕಿ ಏರಲಿಲ್ಲ. ಮೈಯಲ್ಲಿ ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಅದು ಕಬ್ಬಿಣದ ಉಗ್ರಾಣಕ್ಕೆ ಬೀಗ ಜಡಿದು, ಕರುಳಿನ ಬಾಗಿಲನ್ನೂ ಅರ್ಧ ಮುಚ್ಚುತ್ತದೆ. ಕಬ್ಬಿಣದ ದಾಸ್ತಾನು ತೋರಿಸುವ ನನ್ನ ಫೆರಿಟಿನ್ ಚೆನ್ನಾಗಿಯೇ ಇತ್ತು, ಅಂದರೆ ಉಗ್ರಾಣ ತುಂಬಿತ್ತು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆ, ಮಾತ್ರ ಶೇ. 20ಕ್ಕಿಂತ ಕಡಿಮೆ. ರಕ್ತ ತಯಾರಾಗುವ ಒಲೆಯಾದ ಮೂಳೆಮಜ್ಜೆಯ ಬಳಿಗೆ ಸಾಕಷ್ಟು ಬರುತ್ತಿರಲಿಲ್ಲ. ಕೊನೆಗೆ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಟ್ಟರು. ರಕ್ತವನ್ನೇ ಹಾಕಿಬಿಡಿ ಎಂದು ಮನೆಯವರು ಕೇಳಿದ್ದುಂಟು. ಒಂದು ಯೂನಿಟ್ ರಕ್ತ ಅಂಕಿಯನ್ನು ಸುಮಾರು ಒಂದರಷ್ಟು ಏರಿಸುತ್ತದೆ, ಆದರೆ ಅದಕ್ಕೂ ತನ್ನದೇ ಅಪಾಯಗಳಿವೆ. ಸ್ಥಿರವಾಗಿರುವ ರೋಗಿಗೆ ಸಾಮಾನ್ಯವಾಗಿ 7ರ ಆಸುಪಾಸಿಗೆ ಇಳಿಯುವವರೆಗೆ ಕಾಯುತ್ತಾರೆ. ಎದೆನೋವು, ಕುಳಿತಲ್ಲೇ ಏದುಸಿರು, ರಕ್ತಸ್ರಾವ ಇದ್ದರೆ ಅಂಕಿಗಾಗಿ ಯಾರೂ ಕಾಯುವುದಿಲ್ಲ, ನೀವೂ ಕಾಯಬೇಡಿ.

ಈಗ ಹಾಸಿಗೆಯ ಪಕ್ಕದಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆ. ಕುಡಿದದ್ದು, ಚೀಲದಿಂದ ಹೋದದ್ದು, ಮೂತ್ರದ ಬಣ್ಣ, ಮೂರು ಕಾಲಂ. ತಂಗಿಯ ಕೈಬರಹ. ಐದನೆಯ ಕಿಮೊಗೆ ಮುಂಚಿನ ವರದಿ ನಿನ್ನೆ ಬಂತು. ಅವಳು ಅದನ್ನು ಮಡಚಿಟ್ಟು, ಮೊದಲು ನೋಟ್‌ಬುಕ್ಕಿನ ನಾಲ್ಕು ದಿನಗಳ ಲೆಕ್ಕ ನೋಡಿದಳು. ಆಮೇಲೆ ವರದಿ ಬಿಡಿಸಿದಳು. 9.9.

“ಇದು ನಿಜವಾದ 9.9 ಅಕ್ಕಾ” ಎಂದಳು.